ಮೂರು ರೇಸಿನ ಗಡುವು

ನಮ್ಮ ಡ್ರೈವರ್ ಟೀಮು ಬಿಟ್ಟ ಸುದ್ದಿ ನನಗೆ ತಲುಪಿದ್ದು ಎರಡು ಸಾಲಿನ ಮೆಸೇಜಿನಲ್ಲಿ. ನಾಲ್ಕು ವರ್ಷ ನಮ್ಮ ಕಾರು ಓಡಿಸಿದವನು, ನಮ್ಮ ಮನೆಯಲ್ಲಿ ಮುದ್ದೆ ಉಂಡವನು, ಎದುರಿಗೆ ಬಂದು ಒಂದು ಮಾತು ಹೇಳದೆ ದೊಡ್ಡ ಟೀಮೊಂದಕ್ಕೆ ಸೇರಿಕೊಂಡಿದ್ದ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕೈಯಲ್ಲಿದ್ದ ಸ್ಪ್ಯಾನರನ್ನು ಎಸೆದ ರಭಸಕ್ಕೆ ಗ್ಯಾರೇಜಿನ ಗೋಡೆಯ ಗಾರೆ ಉದುರಿತು. ಅದನ್ನು ಗುಡಿಸಿದ್ದೂ ನಾನೇ.

ನಮ್ಮ ಟೀಮು ಅಂಥ ದೊಡ್ಡದೇನಲ್ಲ. ಹಾಸನದ ಹೊರವಲಯದಲ್ಲಿರುವ ನನ್ನ ಗ್ಯಾರೇಜು, ನಾನೇ ಬಿಚ್ಚಿ ಜೋಡಿಸಿದ ಒಂದು ಹಳೆಯ ಪುಟ್ಟ ಕಾರು, ಓಡಿಸಲು ಒಬ್ಬ ಡ್ರೈವರ್, ಸ್ಟಾಪ್‌ವಾಚ್ ಹಿಡಿಯಲು ಒಬ್ಬ ಮೇಷ್ಟ್ರು. ಮೇಷ್ಟ್ರು ರುದ್ರಪಟ್ಟಣದ ಕಡೆಯವರು, ಗಣಿತ ಪಾಠ ಮಾಡಿ ನಿವೃತ್ತರಾದವರು, ನನ್ನ ಪಕ್ಕದ ಮನೆಯವರು. ನಮ್ಮ ಸುತ್ತಮುತ್ತ ಬಯಲಿರುವ ಕಡೆಯಲ್ಲೆಲ್ಲ ಭಾನುವಾರ ಮಣ್ಣಿನ ಟ್ರ್ಯಾಕಿನ ಕಾರ್ ರೇಸ್ ನಡೆಯುತ್ತದೆ. ಕಾರುಗಳು ಒಂದೊಂದಾಗಿ ಓಡುತ್ತವೆ, ಕಡಿಮೆ ಸಮಯದಲ್ಲಿ ಸುತ್ತು ಮುಗಿಸಿದವರು ಗೆದ್ದಂತೆ. ಬಣ್ಣಬಣ್ಣದ ಟೆಂಟು ಹೊಡೆದ ಟೀಮುಗಳ ನಡುವೆ ನಮ್ಮ ಟಾರ್ಪಾಲಿನ ನೆರಳಿನಿಂದ ಕಾರು ಹೊರಟಾಗ ನನಗೆ ಆಗುತ್ತಿದ್ದ ಹೆಮ್ಮೆಯನ್ನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ.

ಡ್ರೈವರ್ ಬಿಟ್ಟುಹೋದ ವಾರವೇ ದುದ್ದದ ಕಡೆಯಿಂದ ಹಾಲಿನ ವ್ಯಾನೊಂದು ಕ್ಲಚ್ ಕೆಲಸಕ್ಕೆ ಬಂತು. ಓಡಿಸಿಕೊಂಡು ಬಂದವಳು ಮೂವತ್ತರ ಆಸುಪಾಸಿನ ಹೆಂಗಸು. ಬೆಳಗಿನ ಜಾವ ಊರೂರು ತಿರುಗಿ ಹಾಲಿನ ಕ್ಯಾನುಗಳನ್ನು ಡೈರಿಗೆ ತಲುಪಿಸುವ ಕೆಲಸ ಅವಳದು. ನಾನು ಕ್ಲಚ್ ಪ್ಲೇಟು ಹೊರತೆಗೆದು ಬೆಳಕಿಗೆ ಹಿಡಿದೆ. ಹಳ್ಳಿ ರಸ್ತೆಯಲ್ಲಿ ದಿನಾ ಲೋಡು ಹೊತ್ತ ಗಾಡಿಯ ಪ್ಲೇಟು ಅಷ್ಟು ಸಮನಾಗಿ ಸವೆದದ್ದನ್ನು ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ನೋಡಿರಲಿಲ್ಲ.

"ಇದುನ್ನ ಇನ್ಯಾರೂ ಓಡ್ಸಿಲ್ವೇನವ್ವಾ?" ಎಂದೆ.

"ಇಲ್ಲ ಸಾ, ನಾನೊಬ್ಳೇ. ಕ್ಯಾನು ಕುಲುಕುದ್ರೆ ಮುಚ್ಚಳ ಹಾರಿ ಹಾಲು ಚೆಲ್ಲೋಯ್ತದೆ. ಅದುಕ್ಕೇ ನಾಜೂಕಾಗಿ ಓಡುಸ್ತೀನಿ."

ಮೂಲೆಯಲ್ಲಿ ನಿಂತಿದ್ದ ರೇಸ್ ಕಾರಿನ ಮೇಲೆ ಅವಳ ಕಣ್ಣು ಬಿದ್ದಿತ್ತು. ಓಡಿಸುತ್ತೀಯಾ ಎಂದು ತಮಾಷೆಗೆ ಕೇಳಿದೆ. ಅವಳು ನಗಲಿಲ್ಲ. "ಒಂದ್ಸಲನಾದ್ರೂ ಇಂದುಗಡೆ ಕ್ಯಾನ್ ಇಲ್ದೆ ಗಾಡಿ ಓಡುಸ್ಬೇಕು ಅಂತ ಬೋ ಆಸೆ ಸಾ," ಎಂದಳು.

ಹಾಗೆ ನಮ್ಮ ಬದಲಿ ಡ್ರೈವರ್ ಸಿಕ್ಕಳು. ನಾನು ಖಡಾಖಂಡಿತವಾಗಿ ಹೇಳಿದೆ: "ಮೂರು ರೇಸು ನೋಡ್ತೀನಿ ಕಣವ್ವ. ಸರಿ ಬಂದ್ರೆ ಸೀಟು ನಿಂದು. ಇಲ್ದಿದ್ರೆ ಬೇಜಾರ್ ಮಾಡ್ಕೋಬಾರ್ದು." ಭಾನುವಾರದ ಟ್ರಿಪ್ಪನ್ನು ತನ್ನಣ್ಣನಿಗೆ ವಹಿಸಿ ಬರುತ್ತೇನೆಂದು ಅವಳು ಒಪ್ಪಿದಳು.

ಇಲ್ಲಿ ನನ್ನ ಕಿವಿಯ ವಿಷಯ ಹೇಳಬೇಕು. ಗಿರಾಕಿ ಗಾಡಿಯನ್ನು ಗೇಟಿನೊಳಗೆ ತರುವ ಮೊದಲೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಿಬಿಡುವವನು ನಾನು. ರೇಸಿನಲ್ಲೂ ಹಾಗೆಯೇ, ಕಡಿದಾದ ತಿರುವಿನ ಬಳಿ ಹಗ್ಗದಾಚೆ ನಿಂತು, ಕಣ್ಣು ಮುಚ್ಚಿಕೊಂಡು ಇಂಜಿನ್ ಕೇಳುತ್ತಿದ್ದೆ. ಹಳೆಯ ಡ್ರೈವರ್ ತಿರುವಿಗೆ ಬಂದರೆ ಎರಡನೇ ಗೇರಿನಲ್ಲಿ ಇಂಜಿನ್ ಕಿರುಚಿಕೊಳ್ಳುತ್ತಿತ್ತು. ಆ ಕಿರುಚಾಟವೇ ವೇಗ ಎಂದು ನಾನು ಲೆಕ್ಕ ಹಾಕಿಬಿಟ್ಟಿದ್ದೆ.

ಮೊದಲ ರೇಸು ಹೊಳೆನರಸೀಪುರದ ಹತ್ತಿರ. ಅವಳು ತಿರುವಿಗೆ ಬಂದಾಗ ಕಿವಿಗೆ ಬಿದ್ದದ್ದು ಮೂರನೇ ಗೇರಿನ ತಗ್ಗಿದ ಗುನುಗು. ನನ್ನ ಮುಖ ಹುಳ್ಳಗಾಯಿತು. ಪಟ್ಟಿಯಲ್ಲಿ ಏಳನೆಯವಳು. ಗ್ಯಾರೇಜಿಗೆ ಬಂದವನೇ, ಇಂಜಿನ್ ಇನ್ನೂ ಜೋರಾಗಿ ಕೂಗಲಿ, ಇವಳ ಕಾಲಿಗೆ ಧೈರ್ಯ ಬರಲಿ ಎಂದು ಟ್ಯೂನಿಂಗ್ ಬದಲಿಸಿದೆ.

ಎರಡನೆಯದು ಅರಕಲಗೂಡಿನ ಆಚೆ. ಆ ಗುನುಗು ಇನ್ನಷ್ಟು ಮಂಕಾಗಿತ್ತು. ಒಂಬತ್ತನೇ ಸ್ಥಾನ. ಹೆಲ್ಮೆಟ್ ತೆಗೆದು ಅವಳು ಹೇಳಿದಳು, "ಸಾ, ತಿರುವು ದಾಟುದ್ಮೇಲೆ ಗಾಡಿ ಎಳೀತಾನೇ ಇಲ್ಲ. ಓದ್ಸಲ ಇಂಗಿರ್ಲಿಲ್ಲ."

"ಇದು ಹಾಲಿನ ವ್ಯಾನಲ್ಲ ಕಣವ್ವ! ಕಾಲೊತ್ತಿದ್ರೆ ತಾನೇ ಎಳೆಯೋದು?" ಎಂದು ಎಲ್ಲರೆದುರು ಕೂಗಾಡಿದೆ. ಅವಳು ಕೈಗವಸು ಕಳಚಿಟ್ಟಳು. ಮಾತು ಕೊಟ್ಟಿದ್ದು ಮೂರು ರೇಸಿಗೆ, ಆದರೆ ಮರುದಿನ ಬೆಳಿಗ್ಗೆಯೇ ಇನ್ನೊಬ್ಬ ಡ್ರೈವರಿಗೆ ಫೋನ್ ಮಾಡಿ, ಮುಂದಿನ ತಿಂಗಳಿಂದ ಬರುತ್ತೀಯಾ ಎಂದು ಕೇಳಿದೆ. ಅವನು ಹೂಂ ಎಂದ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮೇಷ್ಟ್ರಿಗೆ ಈ ವಿಷಯ ಹೇಳಿದಾಗ ಅವರು ಮನೆಯೊಳಗೆ ಹೋಗಿ ತಮ್ಮ ನೋಟ್‌ಬುಕ್ ತಂದರು. ಪ್ರತಿ ರೇಸಿನಲ್ಲೂ ಅವರು ಪೂರ್ತಿ ಸುತ್ತಿನ ಸಮಯವನ್ನಷ್ಟೇ ಬರೆಯುತ್ತಿರಲಿಲ್ಲ, ನಾನು ನಿಲ್ಲುವ ತಿರುವಿಗೆ ಕಾರು ಹೊಕ್ಕು ಹೊರಬರಲು ಎಷ್ಟು ಹೊತ್ತಾಯಿತು ಎಂಬುದನ್ನೂ ಬೇರೆಯಾಗಿ ಬರೆಯುತ್ತಿದ್ದರು. ವರ್ಷಗಟ್ಟಲೆ ಬರೆದಿದ್ದರು. ನಾನು ಒಂದು ದಿನವೂ ಅದನ್ನು ತೆರೆದು ನೋಡಿದವನಲ್ಲ.

"ಹೊಳೆನರಸೀಪುರದ ತಿರುವು. ಇದು ಹೋದ ವರ್ಷ ಅವನದು, ಇದು ಈ ವರ್ಷ ಇವಳದು. ಓದಯ್ಯ," ಎಂದರು.

ಓದಿದೆ. ಅವಳ ಸಮಯ ಕಡಿಮೆ ಇತ್ತು. ಕೂದಲೆಳೆಯಷ್ಟಲ್ಲ, ಅನುಮಾನಕ್ಕೆ ಎಡೆಯಿಲ್ಲದಷ್ಟು ಕಡಿಮೆ.

"ಅವನು ಹಿಂದಿನ ಚಕ್ರ ಜಾರಿಸಿ ಧೂಳೆಬ್ಬಿಸ್ತಿದ್ದ, ನೀನು ಕಣ್ಣು ಮುಚ್ಚಿ ಆ ಸದ್ದಿಗೆ ತಲೆದೂಗ್ತಿದ್ದೆ. ಇವಳು ಜಾರಿಸೋದೇ ಇಲ್ಲ. ತಿರುವಿನಲ್ಲಿ ಗಳಿಸಿದ್ದನ್ನ ಆಮೇಲೆ ಯಾಕೆ ಕಳ್ಕೋತಾಳೆ ಅನ್ನೋದನ್ನ ನೀನೇ ಹೇಳಬೇಕು. ಇಂಜಿನ್ ಬಿಚ್ಚೋನು ನೀನು ತಾನೆ?"

ಯಾಕೆಂದು ಆ ಕ್ಷಣವೇ ಹೊಳೆಯಿತು. ಕಾರನ್ನು ನಾನು ಮೊದಲಿಂದಲೂ ಸಿದ್ಧಪಡಿಸಿದ್ದು ಹಳೆಯ ಡ್ರೈವರಿನ ಕಾಲಿಗೆ ಹೊಂದುವಂತೆ. ಅದು ಕಿರುಚಿದಾಗ ಮಾತ್ರ ಎಳೆಯುತ್ತಿತ್ತು, ಮೆಲ್ಲಗಿದ್ದಾಗ ಉಸಿರು ಕಟ್ಟಿದಂತೆ ಆಡುತ್ತಿತ್ತು. ಅಷ್ಟು ಸಾಲದೆಂದು ನಾನೇ ಅದನ್ನು ಇನ್ನೂ ಕೆಡಿಸಿದ್ದೆ. ಎರಡನೇ ರೇಸಿನ ದಿನ ಅವಳು ನೇರವಾಗಿ ಹೇಳಿದ್ದೂ ಅದನ್ನೇ. ಮೂವತ್ತು ವರ್ಷ ಗಾಡಿಗಳ ಮಾತು ಕೇಳಿಸಿಕೊಂಡವನಿಗೆ, ಓಡಿಸಿದವಳ ಒಂದು ಮಾತು ಕೇಳಿಸಿಕೊಳ್ಳಲು ಆಗಿರಲಿಲ್ಲ.

ಫೋನ್ ಮಾಡಿ ಇನ್ನೊಬ್ಬನಿಗೆ ಬರಬೇಡಪ್ಪ ಎಂದೆ. ಮೂರು ದಿನ ಗಿರಾಕಿಗಳನ್ನೆಲ್ಲ ವಾಪಸು ಕಳಿಸಿ ಇಂಜಿನ್ ಪೂರ್ತಿ ಬಿಚ್ಚಿ, ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಟ್ಟಿದೆ. ಅವಳು ಓಡಿಸಿ ನೋಡಿ "ಇನ್ನೊಸಿ ಕೆಳುಗಿಂದ, ಮೆಲ್ಲುಗಿದ್ದಾಗ್ಲೇ ಎಳೀಲಿ ಸಾ," ಎಂದಾಗಲೆಲ್ಲ ಮತ್ತೆ ಬಿಚ್ಚಿದೆ. ಕ್ಷಮಿಸು ಎನ್ನಲು ಮಾತ್ರ ಬಾಯಿ ಬರಲಿಲ್ಲ.

ಮೂರನೆಯ ರೇಸು ಚನ್ನರಾಯಪಟ್ಟಣದಿಂದ ಹಿರೀಸಾವೆ ಕಡೆಗೆ ಹೋಗುವ ದಾರಿಯ ಬಯಲಿನಲ್ಲಿ. ನಮ್ಮನ್ನು ಬಿಟ್ಟುಹೋದವನೂ ಹೊಸ ಟೀಮಿನ ಮಿರಮಿರ ಮಿಂಚುವ ಕಾರಿನಲ್ಲಿ ಬಂದಿದ್ದ. ನಮಗಿಂತ ಮೊದಲು ಅವನ ಸರದಿ. ತಿರುವಿನಲ್ಲಿ ಧೂಳಿನ ಗೋಡೆಯನ್ನೇ ಎಬ್ಬಿಸಿದ, ಜನ ಶಿಳ್ಳೆ ಹೊಡೆದರು.

ಆಮೇಲೆ ಅವಳು ಬಂದಳು. ಕಣ್ಣು ಬಿಟ್ಟುಕೊಂಡು ನಾನು ನಮ್ಮ ಕಾರಿನ ಓಟವನ್ನು ಪೂರ್ತಿ ನೋಡಿದ್ದು ಅದೇ ಮೊದಲು. ಕಾರು ತಿರುವಿನ ಒಳಅಂಚಿಗೆ ಅಂಟಿಕೊಂಡು ಬಂತು. ಸ್ಟೀರಿಂಗನ್ನು ಅವಳು ಒಂದೇ ಸಲ ತಿರುಗಿಸಿದಳು, ಮತ್ತೆ ಸರಿಪಡಿಸಲೇ ಇಲ್ಲ. ಕಾರಿನ ಮೂಗು ನೆಟ್ಟಗಾದದ್ದೇ ತಡ, ಅದು ಚಿಮ್ಮಿಹೋಯಿತು. ಯಾರೂ ಶಿಳ್ಳೆ ಹೊಡೆಯಲಿಲ್ಲ. ಅದರಲ್ಲಿ ಏನು ನಡೆಯಿತೆಂದು ಆ ಬಯಲಿನಲ್ಲಿ ಅರ್ಥವಾಗಿದ್ದು ಪ್ರಾಯಶಃ ನನಗೆ ಮತ್ತು ಮೇಷ್ಟ್ರಿಗೆ ಮಾತ್ರ. ಮೇಷ್ಟ್ರು ವಾಚನ್ನು ನನ್ನ ಮುಖದ ಮುಂದೆ ಹಿಡಿದರು. ಕಣ್ಣು ಮಂಜಾಗಿ ನನಗೆ ಅಂಕಿ ಕಾಣಲಿಲ್ಲ. ಅಷ್ಟು ಹೆಮ್ಮೆ ನನಗೆ ನಾನು ಕಟ್ಟಿದ ಯಾವ ಇಂಜಿನ್ನಿನ ಬಗ್ಗೆಯೂ ಆಗಿದ್ದಿಲ್ಲ.

ಅವಳು ಮೂರನೆಯವಳಾದಳು. ಅವನು ಐದನೆಯವನು. ಪಟ್ಟಿ ನೋಡಿದವನು ನೆಟ್ಟಗೆ ನಮ್ಮ ಟಾರ್ಪಾಲಿನ ಹತ್ತಿರ ಬಂದ.

"ಯಾರಣ್ಣ ಆಯಮ್ಮ?"

"ನಮ್ ಡ್ರೈವರ್ ಕಣ್ಲಾ," ಎಂದೆ. ಅಕ್ಕಪಕ್ಕದ ಟೆಂಟುಗಳಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ.

ಅವನು ಹೋದ ಮೇಲೆ ಅವಳು ಬಂದು ಟೈರಿನ ಮೇಲೆ ಕುಳಿತು ನೀರು ಕುಡಿದಳು. ನಾನು, "ಮೂರು ರೇಸಾಯ್ತು. ಸೀಟು ನಿಂದೇ ಕಣವ್ವ," ಎಂದೆ.

ಅವಳು ಬಾಟಲಿಯ ಮುಚ್ಚಳ ಬಿಗಿದು ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು:

"ನೀವು ಫೋನ್ ಮಾಡಿದ್ರಲ್ಲ, ಅವ್ನು ನಮ್ ಡೈರಿ ಕಡೆಯೋನೇ ಸಾ. ಅವತ್ತೇ ಬಂದು ಏಳ್ದ. ಅವತ್ತೇ ಬುಟ್ಟೋಗಾನ ಅಂದ್ಕೊಂಡಿದ್ದೆ. ಆಮೇಲೆ ನಾನೂ ಮೂರು ರೇಸು ನೋಡಾನ ಅಂತ ಸುಮ್ನಾದೆ."

"ಏನು ನೋಡೋಕೆ?"

"ನಿಮ್ಮುನ್ನ ಸಾ." ಅವಳು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡಳು. "ಮೊದುಲ್ನೆ ಎಲ್ಡು ಚೆನ್ನಾಗಿರ್ಲಿಲ್ಲ. ಮೂರ್ನೇದು ಪರ್ವಾಗಿಲ್ಲ. ಇರ್ತೀನಿ."