ನಾಲ್ಕನೆಯ ಮೂಲೆ

ಮರಗೆಲಸದ ಆಚಾರ್ರ ಎಡಗಣ್ಣಿನ ಸುತ್ತ ಬಲಗಣ್ಣಿಗಿಂತ ಎರಡರಷ್ಟು ಸುಕ್ಕುಗಳಿದ್ದವು. ಮೂವತ್ತು ವರ್ಷ ಆ ಕಣ್ಣು ಮುಚ್ಚಿಕೊಂಡೇ ಮರದ ಅಂಚು ನೋಡಿದ ಗುರುತು ಅದು. ಹುಬ್ಬಿನಲ್ಲಿ ಸದಾ ಗರಗಸದ ಹೊಟ್ಟು. ಇಷ್ಟು ವಿವರವಾಗಿ ಬಲ್ಲೆ, ಯಾಕೆಂದರೆ ಅವರ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚಿತ್ತು.

ನಮ್ಮ ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲಾ ಕೇಂದ್ರವಾಗಿತ್ತು. ನಾನು ಡಿಗ್ರಿ ಎರಡನೇ ವರ್ಷ, ಕಾಲೇಜಿನ ಚರ್ಚಾಪಟು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಅಪ್ಪ ಸಂಜೆ ಗಡಿಯಾರ ಹಿಡಿದು ಕೂತು ನನ್ನ ವಾದ ಕೇಳುತ್ತಿದ್ದರು. ಬಾಗಿಲ ರಿಪೇರಿಗೆಂದು ಗೌರಿಬಿದನೂರು ರಸ್ತೆಯ ಆಚಾರ್ರ ಅಂಗಡಿಗೆ ಒಮ್ಮೆ ಹೋದವರು, ಆಮೇಲೆ ಸಂಜೆಯೆಲ್ಲ ಅಲ್ಲೇ. "ಆಚಾರ್ರ ಮಾತು ಕೇಳ್ಬೇಕು ಕಣಮ್ಮ ನೀನು. ಒಂದು ಪದ ಹೆಚ್ಚಿರಲ್ಲ," ಎಂದರು ಒಂದು ದಿನ. ಐದು ನಿಮಿಷದಲ್ಲಿ ಏಳುನೂರು ಪದ ಉದುರಿಸುವವಳ ಮುಂದೆ ಆಡುವ ಮಾತೇ ಇದು?

ಆಚಾರ್ರನ್ನು ಮಾತಿನಲ್ಲಿ ಸೋಲಿಸಿ ಬರೋಣವೆಂದೇ ಹೋದೆ. ಅವರು ಹಲಗೆಯೊಂದರ ಮೇಲೆ ಓರೆಯಾಗಿ ಪಟ್ಟಿ ಬಿಗಿದು ಗರಗಸದ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಅದಕ್ಕೆ ಜಿಗ್ ಅನ್ನುತ್ತಿದ್ದರು. ಮರವನ್ನು ಆ ಪಟ್ಟಿಗೆ ಒರಗಿಸಿ ತಳ್ಳಿದರೆ ಸರಿಯಾಗಿ ನಲವತ್ತೈದು ಡಿಗ್ರಿಗೆ ಕತ್ತರಿಸುತ್ತಿತ್ತು. ಆದರೂ ಕೆಲಸ ಶುರು ಮಾಡುವ ಮುನ್ನ ಪ್ರತಿ ಸಲವೂ ಒಂದು ರದ್ದಿ ಪಟ್ಟಿ ಕೊಯ್ದು ಪರೀಕ್ಷೆ ಮಾಡುವರು.

"ನಿನ್ನೆ ಸರಿ ಇದ್ದದ್ದು ಇವತ್ತು ಹೇಗೆ ತಪ್ಪಾಗುತ್ತೆ? ನಿಮ್ಮ ಕೈ ಮೇಲೆ ನಿಮಗೇ ನಂಬಿಕೆ ಇಲ್ವಾ?" ಎಂದೆ.

"ಇಲ್ಲಮ್ಮ," ಎಂದರು.

ಎದುರಾಳಿ ಮೊದಲ ಮಾತಿಗೇ ಒಪ್ಪಿಬಿಟ್ಟರೆ ಮುಂದೇನು ವಾದಿಸುವುದು? ಅವರು ಪಟ್ಟಿಯನ್ನು ಓರೆಯಾಗಿ ಕೊಯ್ದು, ಒಂದು ತುಂಡನ್ನು ಮಗುಚಿ ಇನ್ನೊಂದಕ್ಕೆ ಜೋಡಿಸಿದರು. ಎರಡೂ ಸೇರಿ ಒಂದು ಮೂಲೆಯಾಯಿತು. ಅದರೊಳಗೆ ಲಂಬಕೋನ ಅಳೆಯುವ ಮೂಲೆಮಟ್ಟ ಇಟ್ಟು, ಎಡಗಣ್ಣು ಮುಚ್ಚಿ, ಬೆಳಕಿಗೆ ಹಿಡಿದರು. "ಚೂಡಮ್ಮ, ನೋಡಿಲ್ಲಿ. ಒಂದು ಕೂದಲು ತಪ್ಪಿದ್ರೆ, ಮಗುಚಿದಾಗ ಎರಡು ಕೂದಲು ಕಾಣುತ್ತೆ. ಒಂದೇ ಕಡೆ ನೋಡಿದ್ರೆ ಎಲ್ಲಾನೂ ಸರೀನೇ."

ಅಲ್ಲೇ ಕೂತಿದ್ದ ಅಪ್ಪ ಕೇಳಿದೆಯಾ ಎಂಬಂತೆ ನನ್ನತ್ತ ನೋಡಿ ನಕ್ಕರು. ನಾನು ಚರ್ಚೆಯಲ್ಲಿ ಗೆದ್ದು ತಂದ ಯಾವ ಕಪ್ಪಿಗೂ ಆ ನಗು ಸಿಕ್ಕಿರಲಿಲ್ಲ.

ಅದನ್ನೂ ಸಹಿಸಿದೆ. ಆದರೆ ಆಚಾರ್ರ ಮಗಳಿಗೆ ಮದುವೆ ಗೊತ್ತಾದಾಗ, ಅವಳಿಗೆ ಕೊಡಲು ಅಪ್ಪ ಕೈಯಾರೆ ಕನ್ನಡಿಗೆ ಚೌಕಟ್ಟು ಮಾಡಲು ಹೊರಟರು. ಅದೂ ಚಿಂತಾಮಣಿಯಲ್ಲಿ ಕೆಡವಿದ ನಮ್ಮ ತಾತನ ಮನೆಯ ಬಾಗಿಲಿನ ತೇಗದಲ್ಲಿ! ನನಗೆ ಒಂದು ಗಾಳಿಪಟವನ್ನೂ ಮಾಡಿಕೊಟ್ಟವರಲ್ಲ. ಆ ಸಂಜೆ ಇಬ್ಬರೂ ಅಂಗಡಿಯ ಹೊರಗೆ ಟೀ ಕುಡಿಯುತ್ತಿದ್ದಾಗ, ನನ್ನ ನೇಲ್‌ಕಟರಿನ ತುದಿಯಿಂದ ಜಿಗ್ಗಿನ ಸ್ಕ್ರೂ ಸಡಿಲಿಸಿ, ಪಟ್ಟಿಯನ್ನು ಇಷ್ಟೇ ಇಷ್ಟು ಸರಿಸಿ, ಮತ್ತೆ ಬಿಗಿದೆ.

ಮಾರನೆಯ ಬೆಳಿಗ್ಗೆ ಆಚಾರ್ರು ಲಗ್ನಪತ್ರಿಕೆ ಹಂಚಲು ಶಿಡ್ಲಘಟ್ಟಕ್ಕೆ ಹೋದರು. "ಮಗುಚಿ ನೋಡ್ದೆ ತೇಗಕ್ಕೆ ಕೈ ಹಾಕ್ಬೇಡಿ ಮೇಷ್ಟ್ರೇ," ಎಂದು ಹೇಳಿಯೇ ಅಪ್ಪನಿಗೆ ಬೀಗದ ಕೈ ಕೊಟ್ಟಿದ್ದರು. ಅಪ್ಪ ನೋಡಲಿಲ್ಲ. "ಆಚಾರ್ರು ಇಟ್ಟ ಕೋನ, ನಾನೇನು ನೋಡೋದು?" ಅಂದುಕೊಂಡರಂತೆ. ಭಕ್ತರ ಹಣೆಬರಹವೇ ಇಷ್ಟು, ಗುರುವನ್ನು ನಂಬುತ್ತಾರೆ, ಗುರು ಹೇಳಿದ್ದನ್ನು ಬಿಡುತ್ತಾರೆ. ನಾಲ್ಕು ತುಂಡು, ಎಂಟು ಕೊಯ್ತ. ಮೂರು ಮೂಲೆ ಕೂಡಿದವು. ಎಂಟು ಕೊಯ್ತದ ತಪ್ಪೆಲ್ಲ ಸೇರಿ ನಾಲ್ಕನೆಯದು ಬಾಯಿ ಬಿಟ್ಟಿತು.

ಸಂಜೆ ನಾನು ಹೋದಾಗ ಅಪ್ಪ ಹೊಟ್ಟಿನ ಮೇಲೆ ಕೂತು, ಆ ತುಂಡುಗಳನ್ನು ಮತ್ತೆ ಮತ್ತೆ ಜೋಡಿಸಿ ನೋಡುತ್ತಿದ್ದರು. ಹಾಗೆ ಕೂತ ಅಪ್ಪನನ್ನು ನಾನೆಂದೂ ನೋಡಿರಲಿಲ್ಲ. ಅಷ್ಟರಲ್ಲಿ ಬಂದ ಆಚಾರ್ರು ಪತ್ರಿಕೆಗಳ ಚೀಲವನ್ನೂ ಇಳಿಸದೆ ಒಂದು ಪಟ್ಟಿ ಕೊಯ್ದು, ಮಗುಚಿ, ಬೆಳಕಿಗೆ ಹಿಡಿದರು. ಆಮೇಲೆ ಬಗ್ಗಿ ಸ್ಕ್ರೂ ನೋಡಿದರು. ಅದರ ತಲೆಯ ಮೇಲೆ ಹೊಸ ಗೀರು ಹೊಳೆಯುತ್ತಿತ್ತು. ನನ್ನ ಬೆರಳಿಗೆ ನೇತಾಡುತ್ತಿದ್ದ ಕೀ ಗೊಂಚಲಿನಲ್ಲಿ ನೇಲ್‌ಕಟರ್ ಇತ್ತು. ಎರಡೂ ಕಣ್ಣು ತೆರೆದು ಅದನ್ನು ನೋಡಿದರು.

"ನಂದೇ ತಪ್ಪು ಮೇಷ್ಟ್ರೇ. ಬಿಗಿಯೋವಾಗ ಕೈ ಜಾರಿರ್ಬೇಕು."

"ಬಿಡಿ ಆಚಾರ್ರೇ, ನೀವೂ ಮನುಷ್ಯರೇ ಅಲ್ವಾ," ಎಂದು ಅಪ್ಪನೇ ಸಮಾಧಾನ ಮಾಡಿ ಕೈ ತೊಳೆಯಲು ಹೋದರು.

ಆಚಾರ್ರು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟರು. "ಸ್ಕ್ರೂ ತಿರುಗಿಸೋದು ಇದ್ರಲ್ಲಿ. ಜಿಗ್ ಸರಿ ಮಾಡು. ಮಗುಚಿ ನೋಡು." ಏಳು ಪಟ್ಟಿ ಹಾಳು ಮಾಡಿದ ಮೇಲೆ ಸರಿಹೋಯಿತು. "ಮೇಷ್ಟ್ರಿಗೆ ನಾನು ಹೇಳಲ್ಲ. ಹೇಳೋದು ನಿನ್ ಕೆಲಸ," ಎಂದರು, ಅಷ್ಟೇ.

ಅಪ್ಪ ಅದೇ ತುಂಡುಗಳನ್ನು ಮತ್ತೆ ಕೊಯ್ದರು. ಚೌಕಟ್ಟು ಚಿಕ್ಕದಾಯಿತು, ಕನ್ನಡಿಯನ್ನೂ ಕತ್ತರಿಸಬೇಕಾಯಿತು. ಎಷ್ಟೋ ವೇದಿಕೆ ಹತ್ತಿ ಇಳಿದೆ. ಆ ಒಂದು ವಾಕ್ಯ ಮಾತ್ರ ಅಪ್ಪನ ಮುಂದೆ ಬಾಯಿಗೆ ಬರಲಿಲ್ಲ.

ಎರಡು ವರ್ಷದ ಮೇಲೆ ಆಚಾರ್ರು ಎದೆನೋವೆಂದು ಮಲಗಿದವರು ಏಳಲಿಲ್ಲ. ತಿಥಿಯ ದಿನ ಅವರ ಮನೆಯಲ್ಲಿ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. "ಅಂಥಾ ಕೈ ತಪ್ಪಿದ್ದು ಒಂದೇ ಸಲ. ಇಗೋ, ಈ ಮಗೂಗೆ ಕೊಟ್ಟ ಕನ್ನಡೀಲಿ." ಪಕ್ಕದಲ್ಲಿದ್ದ ಆಚಾರ್ರ ಮಗಳು ತಲೆ ತಗ್ಗಿಸಿದಳು.

"ತಪ್ಪಿದ್ದು ಅವರ ಕೈ ಅಲ್ಲ. ಜಿಗ್ ಸರಿಸಿದ್ದು ನಾನು," ಎಂದೆ. ಒಂದು ಪದ ಹೆಚ್ಚಿರಲಿಲ್ಲ.

ಅಪ್ಪ ನನ್ನತ್ತ ತಿರುಗಿದರು. ಹೊಡೆಯಲಿ, ಬೈಯಲಿ, ಏನಾದರೂ ಸರಿ ಎಂದು ಕಾದು ನಿಂತೆ.

"ಅವರಿಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಾಗಿತ್ತು."

"ಗೊತ್ತಿದ್ದೂ ತಮ್ ಮೇಲೆ ಹಾಕ್ಕೊಂಡ್ರಾ..." ಅಪ್ಪನ ಕಣ್ಣು ತುಂಬಿತು. ಹಾರ ಹಾಕಿದ್ದ ಫೋಟೋದ ಕಡೆ ತಿರುಗಿ ಎರಡೂ ಕೈ ಮುಗಿದರು. ನನ್ನನ್ನು ಬೈಯುವುದು ಕೂಡ ಅವರಿಗೆ ನೆನಪಾಗಲಿಲ್ಲ.