ನಾನು ಕತ್ತರಿಸಿದ ಎಂಟು ಸೆಕೆಂಡು

ಈಗ್ಗೆ ಹದಿನಾರು ವರ್ಷದ ಹಿಂದೆ ನಾನು ಮಂಡ್ಯದ ಒಂದು ಕೇಬಲ್ ವಾಹಿನಿಯಲ್ಲಿ ವಿಡಿಯೊ ಎಡಿಟರ್ ಆಗಿದ್ದೆ. ಆ ವಾಹಿನಿ ಈಗ ಇಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಿಗೆ ಪ್ರತಿ ಭಾನುವಾರ ಸಂಜೆ ಅರ್ಧ ಗಂಟೆಯ ಒಂದು ಹಾಸ್ಯ ಧಾರಾವಾಹಿ ಕೊಡುತ್ತಿದ್ದೆವು. ಅದರ ಮುಖ್ಯ ಪಾತ್ರ ಜವರಪ್ಪ. ಸುಳ್ಳು ಹೇಳುತ್ತಾನೆ, ಜಂಬ ಕೊಚ್ಚುತ್ತಾನೆ, ಹೆಂಡತಿಯನ್ನು ಆಡಿಕೊಳ್ಳುತ್ತಾನೆ, ಕೊನೆಗೆ ತಾನೇ ಸಿಕ್ಕಿಬೀಳುತ್ತಾನೆ. ಆ ಪಾತ್ರ ಮಾಡುತ್ತಿದ್ದವರು ಮದ್ದೂರಿನ ಹತ್ತಿರದ ಕೊಪ್ಪದ ನಂಜುಂಡಣ್ಣ. ಬೆಳಿಗ್ಗೆ ಊರಿನ ಡೈರಿಯಲ್ಲಿ ಹಾಲು ಅಳೆದು, ಆಮೇಲೆ ಬಸ್ಸು ಹಿಡಿದು ಶೂಟಿಂಗಿಗೆ ಬರುತ್ತಿದ್ದರು. ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯವೇ ಇಲ್ಲದವರು, “ಲೇ ಜವರಪ್ಪ, ಯೆಂಡ್ತಿ ಇವತ್ತು ಇಟ್ಟು ಇಕ್ಕುದ್ಲೇನ್ಲಾ?” ಎಂದು ಕೂಗುತ್ತಿದ್ದರು. “ಇಕ್ಕುದ್ಲು ಕಣ್ಲಾ, ನಿನ್ ಪಾಲ್ನೂ ನಾನೇ ಉಂಡ್ಬುಟ್ಟೆ” ಎನ್ನುತ್ತಿದ್ದರು ಇವರು.

ಇಂಥ ಧಾರಾವಾಹಿಗಳಲ್ಲಿ ಮಾತಿನ ಹಿಂದೆ ಕೇಳಿಸುವ ನಗುವನ್ನು ನಾವು ನಗುವಿನ ಟ್ರ್ಯಾಕ್ ಎನ್ನುತ್ತೇವೆ. ಅದನ್ನು ಬೇರೆಲ್ಲೋ ರೆಕಾರ್ಡ್ ಮಾಡಿ, ಬೇಕಾದ ಕಡೆ ಎಡಿಟರ್ ಅಂಟಿಸುತ್ತಾನೆ. ನಮ್ಮ ಟ್ರ್ಯಾಕನ್ನು ಯಲಿಯೂರಿನಲ್ಲಿ ಒಂದು ಮಧ್ಯಾಹ್ನ, ಐವತ್ತು ಅರವತ್ತು ಜನರನ್ನು ಕೂರಿಸಿ ಹಳೆಯ ಕಂತುಗಳನ್ನು ತೋರಿಸಿ ರೆಕಾರ್ಡ್ ಮಾಡಿಕೊಂಡಿದ್ದೆ. ಆವತ್ತು ನಂಜುಂಡಣ್ಣನ ಹೆಂಡತಿ ಜಯಮ್ಮನೂ ಬಂದಿದ್ದರು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವರ ನಗು ಶುರುವಾಗುತ್ತಿತ್ತು. ಕೊನೆಯಲ್ಲಿ ಉಸಿರು ಎಳೆದುಕೊಂಡು “ಅಯ್ಯಪ್ಪಾ” ಎನ್ನುತ್ತಿದ್ದರು. ಆ ತುಣುಕಿಗೆ ನಾನು ಕಂಪ್ಯೂಟರಿನಲ್ಲಿ ‘ಜಯಮ್ಮ’ ಎಂದೇ ಹೆಸರಿಟ್ಟಿದ್ದೆ. ಜೋಕು ಎಲ್ಲಿ ಸಪ್ಪೆಯಾಯಿತು ಅನ್ನಿಸುತ್ತೋ ಅಲ್ಲಿ ಅದನ್ನು ಹಾಕುತ್ತಿದ್ದೆ.

ಒಂದು ಕಂತಿನಲ್ಲಿ ಪೇಪರಿನ ದೃಶ್ಯವಿತ್ತು. ಅದನ್ನು ಬರೆದುಕೊಂಡು ಬಂದವರು ನಂಜುಂಡಣ್ಣನೇ. ಮನೆಗೆ ನೆಂಟರು ಬಂದಿರುತ್ತಾರೆ. ಅಕ್ಷರ ಬಾರದ ಹೆಂಡತಿ ಓದುವವಳ ಹಾಗೆ ಪೇಪರ್ ಹಿಡಿದು ಕೂತಿರುತ್ತಾಳೆ, ತಲೆಕೆಳಗಾಗಿ. ಜವರಪ್ಪ, “ಪ್ರಪಂಚ್ವೇ ತಲೆಕೆಳಗಾಗೋಗಿದ್ದದಾ ಅಂತ ನೋಡ್ತಾವ್ಳೆ ಕಣ್ರಪ್ಪಾ” ಎನ್ನುತ್ತಾನೆ. ನೆಂಟರು ನಗುತ್ತಾರೆ. ಆಮೇಲೆ ಅವನು ಹೆಂಡತಿಯ ಮುಖ ನೋಡುತ್ತಾನೆ. ಹತ್ತಿರ ಹೋಗಿ, ಮಾತಾಡದೆ, ಪೇಪರನ್ನು ನೆಟ್ಟಗೆ ತಿರುಗಿಸಿ ಕೊಟ್ಟು ಪಕ್ಕದಲ್ಲಿ ಕೂರುತ್ತಾನೆ. ಇದಕ್ಕೆ ಎಂಟು ಸೆಕೆಂಡು.

ಎಡಿಟಿಂಗ್ ದಿನ ನಂಜುಂಡಣ್ಣ ಎಂದೂ ಬಾರದವರು ಬಂದು ನನ್ನ ಪಕ್ಕ ನಿಂತರು. “ಇಲ್ಲಿ ನಗ ಆಕ್ಬ್ಯಾಡ ಕಣ್ಲಾ. ಇಲ್ಲಿ ಜವರಪ್ಪಂಗೆ ನಾಚ್ಕೆ ಆಯ್ತದೆ” ಎಂದರು.

ಆಗಲಿ ಎಂದೆ. ಅವರು ಹೋದ ಮೇಲೆ ನೋಡಿದರೆ ಕಂತು ಉದ್ದವಾಗಿತ್ತು. ಎಂಟು ಸೆಕೆಂಡು ಸದ್ದಿಲ್ಲದಿದ್ದರೆ ಜನ ಚಾನೆಲ್ ತಿರುಗಿಸುತ್ತಾರೆ ಎಂದು ನಮಗೆ ಹೇಳಿಕೊಟ್ಟಿದ್ದರು. ಆ ಎಂಟು ಸೆಕೆಂಡನ್ನು ಕತ್ತರಿಸಿದೆ. ಜವರಪ್ಪನ ಮಾತಿನ ಮೇಲೆ ‘ಜಯಮ್ಮ’ನನ್ನು ಅಂಟಿಸಿದೆ. ನಮ್ಮ ಎಲ್ಲ ಕಂತುಗಳಲ್ಲಿ ಜನ ಹೆಚ್ಚು ಮೆಚ್ಚಿದ್ದು ಅದನ್ನೇ. ಮುಂದಿನ ವಾರ ನಂಜುಂಡಣ್ಣ, “ನಗಿಸ್ಬುಟ್ಟೆ, ಬುಡು” ಎಂದಷ್ಟೇ ಹೇಳಿದರು. ಹೊಗಳಿದರು ಅಂದುಕೊಂಡೆ.

ವಾಹಿನಿ ಮುಚ್ಚಿತು. ನಾನು ಮಂಡ್ಯದಲ್ಲೇ ಮದುವೆ ವಿಡಿಯೊ ಎಡಿಟ್ ಮಾಡುವ ಅಂಗಡಿ ಇಟ್ಟೆ. ನಂಜುಂಡಣ್ಣ ಕೊಪ್ಪದಲ್ಲಿ, ಹಾಲು ಹಾಕಲು ಬರುವ ಹೆಂಗಸರಿಗೆ ಡೈರಿಯ ಜಗಲಿಯಲ್ಲಿ ಅಕ್ಷರ ಹೇಳಿಕೊಡುತ್ತಿದ್ದಾರೆಂದು ಕೇಳಿದ್ದೆ. ಜಯಮ್ಮ ತೀರಿಕೊಂಡಾಗ ಮಣ್ಣಿಗೆ ಹೋಗಿಬಂದೆ.

ಹೋದ ವರ್ಷ ಮಳವಳ್ಳಿಯಲ್ಲಿ ಕೆಲವರು ಹೆಂಗಸರಿಗಾಗಿ ಓದುವ ಕೇಂದ್ರ ತೆರೆಯಲು ಹೊರಟು, ಉದ್ಘಾಟನೆಗೆ ನಂಜುಂಡಣ್ಣನನ್ನು ಕರೆದರು. ಆಹ್ವಾನ ಪತ್ರಿಕೆಯಲ್ಲಿ ಅವರ ಫೋಟೊ ಬಂತು. ಅದೇ ವಾರ, ಯಾರೋ ಟಿ.ವಿ.ಯಿಂದ ಹಿಡಿದಿಟ್ಟುಕೊಂಡಿದ್ದ ಆ ಪೇಪರಿನ ದೃಶ್ಯ ಮೊಬೈಲುಗಳಲ್ಲಿ ಹರಿದಾಡಿತು. ಓದು ಬಾರದ ಹೆಂಗಸನ್ನು ಹೀಯಾಳಿಸಿದವನಿಂದ ಉದ್ಘಾಟನೆಯೇ ಎಂದು ಜನ ಬರೆದರು. ಒಂದೊಂದನ್ನೂ ಓದಿದೆ. ಬರೆದವರನ್ನು ನಾನು ದೂರಲಾರೆ. ಅಂದು ನಕ್ಕದ್ದಕ್ಕೆ ಇಂದು ನಾಚಿಕೆಪಟ್ಟರೆ ತಪ್ಪಿಲ್ಲ. ಆದರೆ ಅವರೆಲ್ಲರಿಗಿಂತ ಮೊದಲು ಜವರಪ್ಪನೇ ನಾಚಿಕೆಪಟ್ಟಿದ್ದ. ಅದನ್ನು ಅವರು ನೋಡದಂತೆ ಮಾಡಿದ್ದು ನಾನು.

ಕಾರ್ಯಕ್ರಮಕ್ಕೆ ಬರುವುದು ಬೇಡ ಎಂದು ಮಳವಳ್ಳಿಯವರು ಫೋನು ಮಾಡಿದ ಮಾರನೆಯ ದಿನ ನಂಜುಂಡಣ್ಣ ನನ್ನ ಅಂಗಡಿಗೆ ಬಂದರು. ತುಂಬ ಇಳಿದುಹೋಗಿದ್ದರು.

“ಆ ಟೇಪು ಅದಾ?” ಎಂದರು.

ಇರಲಿಲ್ಲ. ಒಂದು ಕಂತು ಮುಗಿದ ಕೂಡಲೇ ಅದೇ ಟೇಪಿನ ಮೇಲೆ ಮುಂದಿನದನ್ನು ಶೂಟ್ ಮಾಡುವುದು ನಮ್ಮಲ್ಲಿ ರೂಢಿ. ಕಂಪ್ಯೂಟರಿನಲ್ಲಿದ್ದ ಕಂತುಗಳು, ನಗುವಿನ ತುಣುಕುಗಳು ವಾಹಿನಿ ಮುಚ್ಚಿದಾಗಲೇ ಹೋಗಿದ್ದವು. ಹಾಗೆಂದು ಹೇಳಿದೆ. ಅವರು ಅಲ್ಲೇ ಕುರ್ಚಿಯ ಮೇಲೆ ಕೂತರು.

“ಅದು ನಮ್ಮನೇಲೇ ಆದದ್ದು ಕಣ್ಲಾ. ನೆಂಟ್ರ ಮುಂದೆ ನಾನೇ ಅವ್ಳ ಅಂಗೇ ಆಡ್ಕಂಡಿದ್ದೆ. ತಪ್ಪಾಯ್ತು ಅನ್ನಕ್ಕೆ ಬಾಯೇ ಬರ್ನಿಲ್ಲ. ಟೀವೀಲಾದ್ರೂ ಏಳಾವ ಅಂತ ಬರ್ದೆ.”

“ಜಯಮ್ಮಕ್ಕ ನೋಡಿ ಏನಂದ್ರು?”

“ಅವ್ಳ ನಗ ಅವ್ಳಿಗೆ ಗೊತ್ತಾಗಕಿಲ್ವಾ? ‘ನಾನ್ ಅಲ್ಲಿ ನಕ್ಕಿದ್ನಾ?’ ಅಂದ್ಲು. ಎರಡ್ ದಿನ ಮಾತಾಡ್ನಿಲ್ಲ. ಆಮ್ಯಾಕೆ ಸ್ಲೇಟ್ ತಂದ್ಕೊಡು ಅಂದ್ಲು.”

ನಡೆದದ್ದನ್ನೆಲ್ಲ ನಾನೇ ಬರೆದು ಹಾಕುತ್ತೇನೆ, ಆ ವಿಡಿಯೊವನ್ನೂ ತೆಗೆಸುತ್ತೇನೆ ಎಂದೆ.

“ಬರಿ. ನೀನ್ ಏಳುದ್ರೆ ಜನ ನಂಬ್ತಾರೆ. ಮಳವಳ್ಳಿಗೆ ಓಗ್ಬೇಕು ಅಂತ ಆಸೆ ಅದೆ ನಂಗೆ. ಆದ್ರೆ ಅದ್ನ ಅಳಿಸ್ಬ್ಯಾಡ. ಅವ್ಳ ನಗ ಇರೋದು ಅದೊಂದ್ರಲ್ಲೇಯ” ಎಂದು ಎದ್ದರು.

ಉದ್ಘಾಟನೆಗೆ ಇನ್ನೂ ಒಂಬತ್ತು ದಿನವಿತ್ತು. ಬರೆಯಲು ಕೂತೆ. ಕತ್ತರಿಸಿದ್ದು ನಾನು ಎಂಬ ಸಾಲಿಗೆ ಬಂದು ನಿಲ್ಲಿಸಿದೆ. ಮದುವೆ ಸೀಸನ್, ಕೆಲಸ ಜಾಸ್ತಿ, ನಾಳೆ ಬರೆದರಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅವರನ್ನು ಬೈದ ಬಾಯಿಗಳು ನನ್ನ ಕಡೆ ತಿರುಗುತ್ತವೆಂದು ಹೆದರಿದ್ದೆ. ಆರನೆಯ ದಿನ ಬೆಳಿಗ್ಗೆ, ಡೈರಿಯಲ್ಲಿ ಎದೆ ಹಿಡಿದುಕೊಂಡು ಕೂತ ನಂಜುಂಡಣ್ಣ ಮತ್ತೆ ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅದೇ ವಿಡಿಯೊ ಮತ್ತೆ ಹರಿದಾಡುತ್ತಿತ್ತು. ಈ ಸಲ ಕೆಳಗೆ, ನಮ್ಮ ಕಡೆಯ ದೊಡ್ಡ ಕಲಾವಿದ, ಇಂಥ ನಗು ಇನ್ನೆಲ್ಲಿ ಎಂದಿತ್ತು. ಹಿಂದಿನ ವಾರ ಬೈದ ಕೆಲವರ ಹೆಸರೂ ಅಲ್ಲಿದ್ದವು. ಅವರಿಗೆ ಆಗಲೂ ಪೂರ್ತಿ ಗೊತ್ತಿರಲಿಲ್ಲ, ಈಗಲೂ ಇಲ್ಲ. ನಾನು ಆವತ್ತು ಸಂಜೆ ಬರೆದು ಹಾಕಿದೆ. ನಾಲ್ಕಾರು ಜನ ಓದಿದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಕೊಪ್ಪಕ್ಕೆ ಹೋಗಿದ್ದೆ. ಡೈರಿಯ ಜಗಲಿಯಲ್ಲಿ ಓದು ಕಲಿತ ಹೆಂಗಸರು ಗುಂಪಾಗಿ ಕೂತು ಮೊಬೈಲಿನಲ್ಲಿ ಆ ದೃಶ್ಯ ನೋಡುತ್ತಿದ್ದರು. ಅವರಲ್ಲಿ ಹಿರಿಯಳಾದ ಚಿಕ್ಕತಾಯಮ್ಮ, “ಇದು ಜಯಕ್ಕನ್ ನಗ ಅಲ್ವಾ? ಇಂತಾ ಮಾತ್ಗೆ ಅವ್ಳ್ಯಾಕೆ ನಕ್ಳು?” ಎಂದಳು.

“ಅವರು ನಗಲಿಲ್ಲ ಕಣಮ್ಮ. ನಾನು ತಂದು ಅಂಟಿಸಿದ್ದು” ಎಂದು ಎಲ್ಲ ಹೇಳಿದೆ.

ಪೂರ್ತಿ ಕೇಳಿಸಿಕೊಂಡು ಅವಳು, “ಇದ್ನ ಅವ್ರು ಇದ್ದಾಗ ಏಳಕ್ಕಾಗ್ನಿಲ್ವಾ ನಿಂಗೆ?” ಎಂದಳು.

ಜನ ಎಲ್ಲಿ ನಗಬೇಕು ಎಂಬುದನ್ನು ನಾನು ನಿರ್ಧರಿಸುತ್ತಿದ್ದೆ. ಹಾಗಾಗಿ ಯಾರನ್ನು ಹೇಗೆ ನೆನೆಯಬೇಕು ಎಂಬುದನ್ನೂ ನಾನೇ ನಿರ್ಧರಿಸಿಬಿಟ್ಟೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ತಡವಾಗಿ. ಈಗ ಮದುವೆ ವಿಡಿಯೊದಲ್ಲಿ ಹೆಣ್ಣು ಒಪ್ಪಿಸಿಕೊಡುವಾಗ ತಂದೆ ಮಾತು ಬಾರದೆ ನಿಂತರೆ, ಅಷ್ಟನ್ನೂ ಹಾಗೇ ಬಿಡುತ್ತೇನೆ. ಇಲ್ಲಿ ಹಾಡು ಹಾಕೋದು ಮರೆತ್ರಾ ಎಂದು ಮನೆಯವರು ಕೇಳುತ್ತಾರೆ. ಮರೆತಿಲ್ಲ ಎನ್ನುತ್ತೇನೆ.