ಗರಸಿನ ಮೇಲೆ ಒಂದು ಗೇಣು ಗೆರೆ

ಮನುಷ್ಯ ಬೀಳುವುದಕ್ಕೆ ಅವನ ಪೂರ್ವಕರ್ಮವೇ ಕಾರಣ ಎಂದು ಹಿರಿಯರು ಹೇಳುತ್ತಾರೆ. ಸೈಕಲ್ ಮೇಲಿಂದ ಬಿದ್ದವರ ವಿಷಯದಲ್ಲಿ ಮಾತ್ರ, ಕರ್ಮದವರೆಗೆ ಹೋಗುವ ಮೊದಲು ಒಮ್ಮೆ ಬ್ರೇಕ್ ನೋಡುವುದು ಒಳ್ಳೆಯದು. ಮೂವತ್ತೊಂದು ವರ್ಷ ಸೈಕ್ಲಿಂಗ್ ತರಬೇತುದಾರನಾಗಿದ್ದ ನಾನು ಈ ಕ್ರಮವನ್ನು ತಿರುಗುಮುರುಗಾಗಿ ಪಾಲಿಸಿದ್ದೆ.

ಇದು ಮೂರು ವರ್ಷದ ಹಿಂದಿನ ಮಾತು. ಕ್ರೀಡಾ ವಸತಿ ನಿಲಯದ ಕೆಲಸದಿಂದ ನಿವೃತ್ತನಾಗಿ ಜಮಖಂಡಿಯಲ್ಲಿ ಎರಡನೆಯ ವರ್ಷ ಕಳೆಯುತ್ತಿದ್ದೆ. ನಮ್ಮ ಭಾಗದಲ್ಲಿ ಸೈಕಲ್ ರೇಸೆಂದರೆ ಎತ್ತಿನ ಶರ್ಯತ್ತಿನಷ್ಟೇ ಗಂಭೀರ ವಿಷಯ. ಆದ್ದರಿಂದ ನಿವೃತ್ತ ತರಬೇತುದಾರನಿಗೂ ಊರಿನಲ್ಲಿ ಕೆಲಸ ತಪ್ಪುವುದಿಲ್ಲ: ಬೆಳಿಗ್ಗೆ ಹುಡುಗರಿಗೆ ಸೀಟಿನ ಎತ್ತರ ತಪ್ಪಾಗಿದೆ ಎಂದು ಹೇಳುವುದು, ಸಂಜೆ ಅದನ್ನೇ ಅವರ ಅಪ್ಪಂದಿರಿಗೆ ಹೇಳುವುದು. ಈ ಹೊರೆಯ ನಡುವೆ ಒಂದು ದಿನ ಮಲ್ಲನಗೌಡರು ಮನೆಗೆ ಬಂದರು. ಅವರು ದನಗಳಿಗೆ ಲಸಿಕೆ ಹಾಕಿಸುವ ಒಂದು ಖಾಸಗಿ ಟ್ರಸ್ಟಿನ ಕಾರ್ಯದರ್ಶಿ. ಟ್ರಸ್ಟಿನ ಆರು ಜನ ಕಾರ್ಯಕರ್ತರು ಬೀಳಗಿ, ಮುಧೋಳ, ತೇರದಾಳ, ಸಾವಳಗಿ ಕಡೆಯ ತೋಟದ ವಸ್ತಿಗಳಿಗೆ ತಮ್ಮ ತಮ್ಮ ಸ್ಕೂಟಿಯ ಮೇಲೆ ಓಡಾಡುತ್ತಿದ್ದರು. ಈಗ ಯಾರೋ ದಾನಿ ಅವರಿಗೆ ಎಲೆಕ್ಟ್ರಿಕ್ ಮೌಂಟನ್ ಬೈಕ್ ಕೊಡಿಸಲು ಮುಂದೆ ಬಂದಿದ್ದರು. ಅಂದರೆ ದಪ್ಪ ಟಯರಿನ, ಮುಂದೆ ಶಾಕ್ ಅಬ್ಸಾರ್ಬರ್ ಇರುವ ಗುಡ್ಡಗಾಡಿನ ಸೈಕಲ್. ಪೆಡಲ್ ತುಳಿದರೆ ಮೋಟಾರು ಜೊತೆಗೆ ತಳ್ಳುತ್ತದೆ. ಮೂರು ಮಾದರಿಗಳು ನೋಡಲು ಬಂದಿದ್ದವು. ಯಾವುದನ್ನು ಕೊಳ್ಳಬೇಕೆಂದು ನಾನು ವರದಿ ಕೊಡಬೇಕಿತ್ತು.

ಪರೀಕ್ಷಾ ಸವಾರಳಾಗಿ ಬಂದವಳು ರೇಣುಕಾ. ಹದಿನಾಲ್ಕನೆಯ ವಯಸ್ಸಿನಿಂದ ಐದು ವರ್ಷ ನನ್ನ ಕೈಯಲ್ಲಿ ಕಲಿತವಳು, ರಾಜ್ಯಮಟ್ಟದ ಪದಕ ತಂದವಳು. ಈಗ ಎರಡು ಮಕ್ಕಳ ತಾಯಿ, ಟ್ರಸ್ಟಿನ ಬೀಳಗಿ ಕಡೆಯ ಲಸಿಕೆಯ ಕೆಲಸ ಅವಳದು. ವರ್ಷಕ್ಕೊಮ್ಮೆ ನವೀಕರಿಸುವ ನೌಕರಿ. ಮನೆ ನಡೆಯುತ್ತಿದ್ದುದು ಅದರ ಮೇಲೆಯೇ. ಮೂರೂ ಸೈಕಲ್ಲಿಗೆ ಅವಳು ಮೊದಲ ದಿನವೇ ಎತ್ತಿಗೆ ಇಡುವಂತೆ ಹೆಸರಿಟ್ಟಳು: ಕರಿಯ, ಕೆಂಪ, ಬೂದ. ಕಂಪನಿಯವರು ಇಟ್ಟ ಹೆಸರುಗಳಿಗಿಂತ ಅವು ನೆನಪಿನಲ್ಲಿ ಉಳಿಯುವಂತಿದ್ದವು.

ನಾನು ನಾಲ್ಕು ಕಾಲಮ್ಮಿನ ಅಂಕಪಟ್ಟಿ ತಯಾರಿಸಿದೆ. ಬ್ರೇಕಿಗೆ ಮೂವತ್ತು, ಬ್ಯಾಟರಿಗೆ ಮೂವತ್ತು, ತೂಕಕ್ಕೆ ಇಪ್ಪತ್ತು, ಜಾಮೆಟ್ರಿಗೆ ಇಪ್ಪತ್ತು. ವರದಿಯ ಮೊದಲ ಪುಟದ ನೆತ್ತಿಯ ಮೇಲೆ, ಹಿಂದೆ ವಸತಿ ನಿಲಯದ ಗೋಡೆಗೆ ನಾನೇ ಬರೆಸಿದ್ದ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಹಾಕಿದೆ: ‘ಸೈಕಲ್ ತಪ್ಪು ಮಾಡುವುದಿಲ್ಲ, ಸವಾರ ಮಾಡುತ್ತಾನೆ.’ ಮೂವತ್ತೊಂದು ವರ್ಷದಲ್ಲಿ ಆ ವಾಕ್ಯಕ್ಕೆ ಯಾವ ಸವಾರನೂ ಎದುರಾಡಿರಲಿಲ್ಲ. ಅದು ಸತ್ಯವಾಗಿರುವುದಕ್ಕೋ ಅಥವಾ ಊದುವ ಸೀಟಿ ನನ್ನ ಕೈಯಲ್ಲಿದ್ದುದಕ್ಕೋ ಎಂದು ನಾನು ಯೋಚಿಸಿರಲಿಲ್ಲ.

ತೂಕದ ಪರೀಕ್ಷೆ ಸುಲಭ. ಕರಿಯ ಇಪ್ಪತ್ತಾರು ಕಿಲೋ, ಕೆಂಪ ಇಪ್ಪತ್ತಮೂರು, ಬೂದ ಇಪ್ಪತ್ತೊಂದು. ಬ್ಯಾಟರಿಗಾಗಿ ಜಮಖಂಡಿಯಿಂದ ಹೊರಟು ಬನಹಟ್ಟಿ, ತೇರದಾಳ ಮುಟ್ಟಿ ಅದೇ ದಾರಿಯಲ್ಲಿ ಮರಳುವುದೆಂದು ನಿಶ್ಚಯಿಸಿದೆವು. ಲಸಿಕೆಯ ಡಬ್ಬಿಯ ಬದಲು ಹಿಂದಿನ ಕ್ಯಾರಿಯರಿಗೆ ಹತ್ತು ಕಿಲೋದ ಬೆಲ್ಲದ ಪೆಂಟೆ ಕಟ್ಟಿದ್ದೆ. ಮೂರು ದಿನ ಮೂರು ಸೈಕಲ್. ಕಂಪನಿಗಳೆಲ್ಲ ಎಂಬತ್ತು ಕಿಲೋಮೀಟರ್ ಎಂದು ಬರೆದಿದ್ದವು. ಎದುರುಗಾಳಿಗೆ ಆ ಬರಹ ಓದಲು ಬರುತ್ತಿರಲಿಲ್ಲ. ಕೆಂಪ ವಾಪಸ್ ಬರುವಾಗ ಬನಹಟ್ಟಿಯ ಒಂದು ನೇಕಾರರ ಮನೆಯ ಮುಂದೆ ಪ್ರಾಣ ಬಿಟ್ಟಿತು. ಒಳಗೆ ಮಗ್ಗ ನಿಲ್ಲಿಸಿ ಹೊರಬಂದ ಮುದುಕರು ಸೈಕಲ್ಲನ್ನೂ ಬೆಲ್ಲವನ್ನೂ ನೋಡಿ, ಬೆಲ್ಲ ಮಾರಲು ಹೊರಟಿದ್ದೀರೋ ಅಥವಾ ಸೈಕಲ್ಲನ್ನೇ ಬೆಲ್ಲದಿಂದ ಓಡಿಸುತ್ತೀರೋ ಎಂದು ಕೇಳಿದರು. ಕರಿಯ, ಬೂದ ಎರಡೂ ಮನೆ ಮುಟ್ಟಿದವು. ಪರೀಕ್ಷೆ ಮುಗಿದಾಗ ಪೆಂಟೆ ಎಂಟೂವರೆ ಕಿಲೋ ತೂಗಿತು. ಈ ಒಂದೂವರೆ ಕಿಲೋದ ವ್ಯತ್ಯಾಸಕ್ಕೆ ವೈಜ್ಞಾನಿಕ ಕಾರಣ ಸಿಗಲಿಲ್ಲ; ರೇಣುಕಾಳ ಮಕ್ಕಳು ಮಾತ್ರ ಆ ವಾರ ಭಾಳ ಖುಷಿಯಾಗಿದ್ದರು.

ಜಾಮೆಟ್ರಿ ಎಂದರೆ ಸೈಕಲ್ಲಿನ ಅಸ್ಥಿಪಂಜರದ ಕೋನಗಳು. ಮುಂದಿನ ಫೋರ್ಕು ನೆಟ್ಟಗೆ ನಿಂತಷ್ಟೂ ಸೈಕಲ್ ಚುರುಕಾಗಿ ತಿರುಗುತ್ತದೆ, ಮುಂದಕ್ಕೆ ಚಾಚಿದಷ್ಟೂ ಇಳಿಜಾರಿನಲ್ಲಿ ಸ್ಥಿರವಾಗಿರುತ್ತದೆ. ಬೂದನ ಫೋರ್ಕು ಅರವತ್ತಾರು ಡಿಗ್ರಿಗೆ ಚಾಚಿತ್ತು. ಹೊರದೇಶದಲ್ಲಿ ತಯಾರಾದ ಮಾಲು. ಅದರ ಮೇಲೆ ಕೂತು ಇಳಿದರೆ ಗುಡ್ಡವೇ ತಗ್ಗಿದಂತೆ ಅನ್ನಿಸುತ್ತಿತ್ತು.

ಕೊನೆಗೆ ಬ್ರೇಕ್. ಬೀಳಗಿ ಹತ್ತಿರದ ಗುಡ್ಡದಲ್ಲಿ ಗರಸಿನ, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣಿನ, ಇಳಿಜಾರಿನಲ್ಲಿ ಸುಣ್ಣದ ಗೆರೆ ಎಳೆದೆ. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ ಬಂದು ಗೆರೆ ಮುಟ್ಟಿದ ಕೂಡಲೇ ಬ್ರೇಕ್ ಹಿಡಿಯಬೇಕು, ನಾನು ಟೇಪು ಹಿಡಿದು ಅಳೆಯಬೇಕು. ಕರಿಯನಿಗೆ ತಂತಿ ಎಳೆಯುವ ಬ್ರೇಕು, ಒಂಬತ್ತು ಮೀಟರಿಗೆ ನಿಂತಿತು. ಕೆಂಪ ಎಂಟಕ್ಕೆ. ಬೂದನದು ಹೈಡ್ರಾಲಿಕ್, ಅಂದರೆ ತಂತಿಯ ಬದಲು ನಳಿಕೆಯೊಳಗಿನ ಎಣ್ಣೆ ಒತ್ತಡ ಹಾಕುತ್ತದೆ. ಎರಡು ಬೆರಳು ಸಾಕು. ಆರೂವರೆ ಮೀಟರಿಗೆ ಗೂಟ ಹೊಡೆದಂತೆ ನಿಂತಿತು.

ರೇಣುಕಾ ಇಳಿದು ತನ್ನ ಎಡಗೈಯನ್ನೇ ನೋಡಿಕೊಳ್ಳುತ್ತಾ ಬಂದಳು.

“ಸರ್, ಇದರದ್ದು ಎಡಗೈ ಹಿಡಿದ್ರ ಮುಂದಿನ ಗಾಲಿ ನಿಲ್ತೈತ್ರಿ. ನಮ್ಮ ಸ್ಕೂಟಿಗಿ ಉಲ್ಟಾ ಐತಿ.”

ಖರೆ ಇತ್ತು. ನಮ್ಮಲ್ಲಿ ಸೈಕಲ್ಲಿಗೂ ಸ್ಕೂಟಿಗೂ ಎಡಗೈ ಲಿವರ್ ಹಿಂದಿನ ಗಾಲಿಗೆ, ಬಲಗೈ ಮುಂದಿನ ಗಾಲಿಗೆ. ಹೊರಗಿನ ಹಲವು ದೇಶಗಳಲ್ಲಿ ಇದು ಅದಲುಬದಲು. ವಸತಿ ನಿಲಯಕ್ಕೆ ಬಂದಿದ್ದ ರೇಸ್ ಸೈಕಲ್ಲುಗಳಲ್ಲಿ ನಾನು ಎರಡೂ ಬಗೆಯವನ್ನು ಓಡಿಸಿದ್ದೆ. ನನ್ನ ಕೈಗೆ ಅದು ಒಂದು ಸಂಗತಿಯೇ ಆಗಿರಲಿಲ್ಲ.

“ಎರಡ ದಿನಾ ಹೊಡಿ, ರೂಢಿ ಆಗ್ತೈತಿ,” ಎಂದೆ. “ಪದಕಾ ತಂದಾಕಿ ನೀ. ಬ್ರೇಕ್ ಯಾವ ಕೈಯಾಗ ಐತಿ ಅಂತ ಅಳಕೋತ ಬರ್ತಿಯಲ್ಲ.”

ಅವಳು ನಕ್ಕಳು. ನನ್ನ ಪಟ್ಟಿಯಲ್ಲಿ ಅದಕ್ಕೊಂದು ಕಾಲಮ್ ಇರಲಿಲ್ಲ, ಆದ್ದರಿಂದ ಬರೆದುಕೊಳ್ಳಲಿಲ್ಲ. ಬೂದನ ಬ್ರೇಕಿಗೆ ಮೂವತ್ತಕ್ಕೆ ಮೂವತ್ತು ಹಾಕಿದೆ. ನನ್ನ ಸೇವಾವಧಿಯಲ್ಲಿ ಯಾವ ಮನುಷ್ಯನಿಗೂ ಕೊಡದ ಅಂಕ.

ನನ್ನ ವರದಿಯಂತೆ ಟ್ರಸ್ಟಿಗೆ ಆರು ಬೂದಗಳು ಬಂದವು. ಮೂರನೆಯ ವಾರ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ, ರೇಣುಕಾ ಗುಡ್ಡದ ಮೇಲಿನ ವಸ್ತಿಯಲ್ಲಿ ಲಸಿಕೆ ಮುಗಿಸಿ ಅದೇ ಇಳಿಜಾರಿನಲ್ಲಿ ಬರುತ್ತಿದ್ದಳು. ಹಿಂಡಿನಿಂದ ತಪ್ಪಿಸಿಕೊಂಡ ಒಂದು ಕುರಿ ಪೊದೆಯ ಮರೆಯಿಂದ ದಾರಿಗೆ ಇಳಿಯಿತು. ಎಲೆಕ್ಟ್ರಿಕ್ ಸೈಕಲ್ ಸದ್ದು ಮಾಡುವುದಿಲ್ಲ. ಅದನ್ನೂ ನಾನು ವರದಿಯಲ್ಲಿ ಗುಣವೆಂದೇ ಬರೆದಿದ್ದೆ. ಗೊತ್ತಿದ್ದ ಗೆರೆಗೆ ಹಿಡಿಯುವ ಬ್ರೇಕ್ ಬೇರೆ, ಗೊತ್ತಿಲ್ಲದ ಕುರಿಗೆ ಹಿಡಿಯುವ ಬ್ರೇಕ್ ಬೇರೆ. ಗೆರೆಗೆ ತಲೆ ಹಿಡಿಯುತ್ತದೆ, ಕುರಿಗೆ ಕೈ ಹಿಡಿಯುತ್ತದೆ. ಹತ್ತು ವರ್ಷ ಸ್ಕೂಟಿ ಹೊಡೆದ ಅವಳ ಎಡಗೈ ಹಿಂದಿನ ಗಾಲಿ ನಿಲ್ಲಿಸಲು ಹೋಗಿ ಮುಂದಿನದನ್ನು ನಿಲ್ಲಿಸಿತು. ಸೈಕಲ್ ಅವಳನ್ನು ಹ್ಯಾಂಡಲಿನ ಮೇಲಿಂದ ಒಗೆಯಿತು. ಎಡ ಮಣಿಕಟ್ಟು ಎರಡು ಕಡೆ ಮುರಿಯಿತು, ಕಾಲರ್ ಬೋನ್ ಒಂದು ಕಡೆ. ಹಿಂಡು ಕಾಯುತ್ತಿದ್ದವರೇ ಅವಳನ್ನು ಕೆಳಗಿನ ಡಾಂಬರು ರಸ್ತೆಗೆ ಹೊತ್ತು ತಂದರು. ಕುರಿಗೆ ಏನೂ ಆಗಲಿಲ್ಲ.

ಆಸ್ಪತ್ರೆಗೆ ಹೋದಾಗ ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಬೈದಿದ್ದರೆ ಇಷ್ಟು ವರ್ಷ ಇದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ. ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಅವಳೇ ನನ್ನನ್ನು ಸಮಾಧಾನಪಡಿಸಿದಳು.

“ತಪ್ಪು ನಂದ ಐತ್ರಿ ಸರ್. ನೀವ ಕಲಿಸೀರಲ್ಲರಿ, ಸೈಕಲ್ ತಪ್ಪ ಮಾಡಂಗಿಲ್ಲ ಅಂತ.”

ಹಣ್ಣಿನ ಚೀಲವನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಅದನ್ನು ಹಿಡಿದುಕೊಂಡೇ ಮನೆಗೆ ವಾಪಸ್ ಬಂದೆ.

ಮರುದಿನ ಇಳಿಜಾರಿಗೆ ಹೋದೆ. ಮಳೆ ಆಗಿರಲಿಲ್ಲ, ಗರಸು ಓದಲು ಬರುವಂತಿತ್ತು. ಎರಡೂ ಬ್ರೇಕ್ ಹಿಡಿದವರ ಟಯರುಗಳು ಎರಡು ಉದ್ದ ಗುರುತು ಬಿಡುತ್ತವೆ. ಗಾಬರಿಯಲ್ಲಿ ಹಿಂದಿನದನ್ನು ಹಿಡಿದವರದು ಹಾವಿನಂತೆ ಸೊಟ್ಟಗಿರುತ್ತದೆ. ಅಲ್ಲಿ ಇದ್ದದ್ದು ಒಂದೇ ಗೆರೆ, ಮುಂದಿನ ಗಾಲಿಯದು. ಕೂತು ಕೈಯಿಂದ ಅಳೆದೆ. ಒಂದು ಗೇಣು. ಆಮೇಲೆ ನೆಲದಲ್ಲಿ ಏನೂ ಇರಲಿಲ್ಲ, ಎರಡು ಮಾರು ದೂರದಲ್ಲಿ ಅವಳು ಬಿದ್ದ ಜಾಗದವರೆಗೆ. ನನ್ನ ಹಳೆಯ ಸುಣ್ಣದ ಗೆರೆ ಇನ್ನೂ ಮಾಸದೆ ಸ್ವಲ್ಪ ಮೇಲೆಯೇ ಇತ್ತು.

ಆ ಒಂದು ಗೇಣು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಗಡ್ಡಕ್ಕೆ ಸೋಪು ಹಚ್ಚಿ ರೇಜರು ಎಳೆದರೆ ಅದೇ ಗೆರೆ. ಮನೆಯವಳು ರೊಟ್ಟಿಯ ಹಿಟ್ಟಿನ ಮೇಲಿಂದ ಕೈ ತೆಗೆದರೆ ಅದೇ ಗೆರೆ. ಸಂತೆಯಲ್ಲಿ ಯಾರಾದರೂ ಬಟ್ಟೆಯನ್ನು ಗೇಣು ಹಾಕಿ ಅಳೆದರೆ ನಾನು ಬೇರೆ ಕಡೆ ನೋಡುತ್ತೇನೆ. ನನ್ನ ಸೈಕಲ್ ಮೇಲೆ ಕೂತಾಗಲೂ ಎಡಗೈಯ ಬೆರಳುಗಳು ಲಿವರಿನ ಮುಂದೆ ಬಂದು ಅಪ್ಪಣೆ ಕೇಳುವವರಂತೆ ನಿಲ್ಲುತ್ತವೆ.

ವಾರದ ನಂತರ ಗೌಡರು ಒಂದು ಪತ್ರದ ಕರಡು ತೋರಿಸಿದರು. ಸವಾರಳ ಅಜಾಗರೂಕತೆಯಿಂದ ಅಪಘಾತವಾದ್ದರಿಂದ ಅವಳ ನೌಕರಿ ನವೀಕರಿಸುವುದಿಲ್ಲ ಎಂದಿತ್ತು. ಆಧಾರ: ತಜ್ಞರ ವರದಿ, ಪುಟ ಒಂದು. ಅದರ ಕೆಳಗೆ ನನ್ನ ಗೋಡೆಬರಹ, ನನ್ನ ಹೆಸರಿನೊಂದಿಗೆ. ಮನುಷ್ಯನಿಗೆ ಒಂದು ಸುಭಾಷಿತ ಇರಬಾರದು. ಇದ್ದರೂ ಅದನ್ನು ಬರೆದು ಸಹಿ ಹಾಕಬಾರದು.

ನಾನು ಗುಡ್ಡದ ಗೆರೆಯ ವಿಷಯ ಹೇಳಿದೆ. ಗೌಡರು ಕೆಟ್ಟವರಲ್ಲ, ಆದರೆ ಕಾಗದದ ಮನುಷ್ಯ.

“ಮಾಸ್ತರ, ಉಳಿದ ಐದು ಮಂದಿ ಬಿದ್ದಿಲ್ಲಲಾ? ಮತ್ತ ಬ್ರೇಕಿಗೆ ಮೂವತ್ತಕ್ಕ ಮೂವತ್ತು ಕೊಟ್ಟವರು ನೀವ ಅದೀರಿ.”

ಮರುದಿನ ಟ್ರಸ್ಟಿನ ಅಂಗಳಕ್ಕೆ ಆ ಐದು ಮಂದಿಯನ್ನೂ ಕರೆಸಲು ಅವರನ್ನು ಒಪ್ಪಿಸಿದೆ. ಜೊತೆಗೆ ಜಮಖಂಡಿಯ ಸೈಕಲ್ ರಿಪೇರಿಯ ದಸ್ತಗೀರನನ್ನು ಕರೆದೊಯ್ದೆ. ನಡೆಯುವಷ್ಟೇ ನಿಧಾನವಾಗಿ ಒಬ್ಬೊಬ್ಬರೂ ಅಂಗಳ ಸುತ್ತಬೇಕು, ದಸ್ತಗೀರ ಕ್ಯಾರಿಯರ್ ಹಿಡಿದು ಹಿಂದೆ ನಡೆಯಬೇಕು. ಹೇಳದೆ ಕೇಳದೆ ನಾನು ಮುಂದೆ ಕೊಡೆ ಒಗೆಯುತ್ತೇನೆ, ಅಷ್ಟೇ. ಐವರಲ್ಲಿ ನಾಲ್ವರ ಎಡಗೈ ಮೊದಲು ಹೋಯಿತು. ನಾಲ್ಕು ಸಲವೂ ಹಿಂದಿನ ಗಾಲಿ ನೆಲ ಬಿಡಲು ನೋಡಿತು.

ಗೌಡರು ಇದು ಕೂಲಿಯವರ ಗಾಬರಿ, ವಿದ್ಯಾವಂತರಿಗೆ ಹೀಗಾಗುವುದಿಲ್ಲ ಎಂಬ ಅರ್ಥದಲ್ಲಿ ಏನೋ ಅಂದರು. ನಾನು ಅವರ ತಲೆಗೇ ಹೆಲ್ಮೆಟ್ ಇಟ್ಟೆ. ಕೊಡೆ ಬರುತ್ತದೆಂದು ಅವರಿಗೆ ಗೊತ್ತಿತ್ತು, ಎಡಗೈ ಮುಂದಿನ ಗಾಲಿಗೆ ಎಂದೂ ಗೊತ್ತಿತ್ತು. ಎರಡು ಸುತ್ತು ಬಿಟ್ಟೆ. ಮೂರನೆಯ ಸುತ್ತಿನಲ್ಲಿ ಅವರು ದಾನಿಯ ಬಗ್ಗೆ ಏನೋ ಹೇಳತೊಡಗಿದಾಗ ಕೊಡೆ ಒಗೆದೆ. ಬೂದ ಅವರನ್ನು ಎತ್ತಿತು. ದಸ್ತಗೀರ ಕ್ಯಾರಿಯರನ್ನು ಕೆಳಗೆ ಎಳೆದು ಹಿಡಿಯದಿದ್ದರೆ ಟ್ರಸ್ಟಿಗೆ ಹೊಸ ಕಾರ್ಯದರ್ಶಿ ಬೇಕಾಗುತ್ತಿತ್ತು.

“ಗೌಡ್ರ, ಯಾವ ಕೈ ಹಿಡದ್ರಿ?” ಎಂದು ಕೇಳಿದೆ.

ಅವರು ತಮ್ಮ ಎಡಗೈಯನ್ನು ಬೇರೆಯವರದೋ ಎಂಬಂತೆ ಬಹಳ ಹೊತ್ತು ನೋಡಿದರು. ಆಮೇಲೆ ಹೆಲ್ಮೆಟ್ ಕಳಚಿ, ಆ ಪತ್ರದ ಕರಡನ್ನು ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟರು.

ಅಲ್ಲೇ ಕಟ್ಟೆಯ ಮೇಲೆ ಕೂತು ಅದರ ಹಿಂಬದಿಗೆ ನನ್ನ ವರದಿಯ ತಿದ್ದುಪಡಿ ಬರೆದೆ. ‘ಬ್ರೇಕ್: ಮೂವತ್ತಕ್ಕೆ ಸೊನ್ನೆ. ದೋಷವನ್ನು ಸವಾರಳು ಪರೀಕ್ಷೆಯ ದಿನವೇ ಹೇಳಿದ್ದಳು. ಪರೀಕ್ಷಕ ಬರೆದುಕೊಳ್ಳಲಿಲ್ಲ. ಪುಟ ಒಂದರ ವಾಕ್ಯವನ್ನು ಹಿಂತೆಗೆದುಕೊಳ್ಳಲಾಗಿದೆ.’ ಸಹಿ ಹಾಕುವಾಗ ದಸ್ತಗೀರ ಪಕ್ಕದಲ್ಲಿ ಕೂತು ಬೂದನ ಲಿವರುಗಳನ್ನು ತಿರುಗಿಸಿ ನೋಡುತ್ತಿದ್ದ.

“ಇದನ್ನ ಅತ್ತಾಗಿಂದಿತ್ತಾಗ ಮಾಡೂದು ಒಂದ ತಾಸಿನ ಕೆಲಸರಿ ಮಾಸ್ತರ. ಮೊದಲ ಯಾಕ ಹೇಳಲಿಲ್ರಿ?”

ಮೊದಲೇ ಹೇಳಿದ್ದವಳ ಹೆಸರನ್ನು ಅವನಿಗೆ ಹೇಳಿದೆ.

ಈ ಕಸುಬು ನನಗೆ ಕಲಿಸಿದ್ದು ಇಷ್ಟು: ತಜ್ಞನ ಕೈಗೆ ಯಾವುದು ರೂಢಿಯಾಗಿದೆಯೋ ಅದು ಅವನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣಬಲ್ಲವರು ಅವನಿಗಿಂತ ಕಡಿಮೆ ತಿಳಿದವರು. ಅವರು ಒಂದೇ ಸಲ, ಮೆಲ್ಲಗೆ ಹೇಳುತ್ತಾರೆ. ಈಗಲೂ ಯಾರಾದರೂ ಸೈಕಲ್ ಪರೀಕ್ಷಿಸಲು ಕರೆದರೆ ಹೋಗುತ್ತೇನೆ. ನನ್ನ ಅಂಕಪಟ್ಟಿಗೆ ಐದನೆಯ ಕಾಲಮ್ ಬಂದಿದೆ. ಅದಕ್ಕೆ ಅಂಕವಿಲ್ಲ, ‘ಸವಾರರು ಹೇಳಿದ್ದು’ ಎಂಬ ತಲೆಬರಹ, ಕೆಳಗೆ ಖಾಲಿ ಜಾಗ. ಅದು ತುಂಬುವವರೆಗೆ ನಾನು ಏಳುವುದಿಲ್ಲ.

ಆರೂ ಸೈಕಲ್ಲುಗಳ ಲಿವರುಗಳನ್ನು ದಸ್ತಗೀರ ಒಂದೇ ದಿನದಲ್ಲಿ ಅದಲುಬದಲು ಮಾಡಿದ. ರೇಣುಕಾಳ ನೌಕರಿ ನವೀಕರಣವಾಯಿತು. ಅವಳ ಎಡ ಮಣಿಕಟ್ಟು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಕೆಲಸಕ್ಕೆ ಅವಳು ಈಗ ಬಸ್ಸಿನಲ್ಲಿ ಹೋಗುತ್ತಾಳೆ.